ಇರ್ಲಿ ತಗೋ, ಯಾವಾಗರೆ ಬೇಕಾಗ್ತದ

ಉಜನಿ ಜಲಾಶಯ ತುಂಬಿತೆಂಬ ಸುದ್ದಿ ಬಂದರೆ ಭೀಮಾ ದಂಡೆಯವರು ಮೊದಲು ನೋಡುವುದು ಟ್ರ್ಯಾಕ್ಟರ್ ಯಾರ ಮನೆ ಮುಂದೆ ನಿಂತಿದೆ ಎಂಬುದನ್ನು. ಸೊಲ್ಲಾಪುರ ಜಿಲ್ಲೆಯ ಉಜನಿಯಿಂದ ಬಿಟ್ಟ ನೀರಿಗೆ ನೀರಾ ನದಿಯ ವೀರ ಜಲಾಶಯದ್ದು ಸೇರಿ, ಸೀನಾ ನದಿಯೂ ಸೊಕ್ಕಿ ಬಂದು ಕೂಡಿಕೊಂಡರೆ, ವಿಜಯಪುರ ಜಿಲ್ಲೆಯ ದೇವಣಗಾಂವ ಮತ್ತು ಅದರ ಆಚೀಚಿನ ಹೊಳೆದಂಡೆಯ ಊರುಗಳಿಗೆ ಮನೆ ಖಾಲಿ ಮಾಡಲು ಸಿಗುವ ಸಮಯ ಬಹಳ ಕಡಿಮೆ. 2020ರ ಅಕ್ಟೋಬರ್‌ನಲ್ಲಿ ಹಾಗಾಯಿತು. 2025ರ ಸೆಪ್ಟೆಂಬರ್ ಕೊನೆಗೆ ಮತ್ತೆ ಭೀಮೆ ದಂಡೆ ಮೀರಿದಳು. ಇಂಥ ಹೊತ್ತಿನಲ್ಲಿ ಟ್ರೇಲರ್ ಏರುವ ಸಾಮಾನಿಗೆ ಯಾರೂ ಪಟ್ಟಿ ಬರೆದಿರುವುದಿಲ್ಲ, ಆದರೂ ಎಲ್ಲ ಮನೆಯದೂ ಹೆಚ್ಚುಕಡಿಮೆ ಒಂದೇ: ಕೂಸು-ಮುದುಕರು, ಜೋಳದ ಚೀಲ, ಗ್ಯಾಸ್ ಸಿಲಿಂಡರ್, ಪಹಣಿ-ಆಧಾರ್-ರೇಷನ್ ಕಾರ್ಡು ಇಟ್ಟ ಟ್ರಂಕು, ದೇವರ ಮನೆಯ ಮೂರ್ತಿ, ನಾಲ್ಕು ಕೌದಿ. ದನಗಳು ಹಿಂದೆ ನಡೆದು ಬರುತ್ತವೆ. ಮದುವೆಯಲ್ಲಿ ಬಂದ ಗೋಡೆ ಗಡಿಯಾರಗಳು, ಶೋಕೇಸಿನ ಗೊಂಬೆ, ಇಪ್ಪತ್ತು ವರ್ಷ ಯಾರೂ ಮುಟ್ಟದ ಹಂಡೆ, ಸನ್ಮಾನದ ಫಲಕ ಎಲ್ಲವೂ ನೀರಿನ ಪಾಲಿಗೆ.

ಜಪಾನಿನ ಮಾರಿ ಕೊಂಡೊ 2011ರಲ್ಲಿ ಮನೆ ಹಗುರ ಮಾಡುವ ಬಗ್ಗೆ ಒಂದು ಪುಸ್ತಕ ಬರೆದು ಜಗತ್ತಿಗೆಲ್ಲ ಹೆಸರಾದಳು. ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು, ಇದು ನನಗೆ ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಳ್ಳಬೇಕಂತೆ. ಇಲ್ಲವೆಂದಾದರೆ ಅದಕ್ಕೊಂದು ಧನ್ಯವಾದ ಹೇಳಿ ಬೀಳ್ಕೊಡಬೇಕಂತೆ. ಭೀಮೆ ಕೇಳುವ ಪ್ರಶ್ನೆ ಇಷ್ಟು ನಾಜೂಕಿನದಲ್ಲ. ಟ್ರೇಲರಿನಲ್ಲಿ ಜಾಗ ಅದೇನು? ಅಷ್ಟೇ. ಒಂದು ತಾಸಿನೊಳಗೆ ತೀರ್ಮಾನ ಮುಗಿಯುತ್ತದೆ. ನೆರೆ ಇಲ್ಲದ ವರ್ಷ ಅದೇ ಮನೆಯಲ್ಲಿ ಹಿಡಿಕೆ ಮುರಿದ ಒಂದು ಪ್ಲಾಸ್ಟಿಕ್ ಕೊಡ ಹೊರಗೆ ಹೋಗುವುದಿಲ್ಲ. ಸೊಸೆ ಎತ್ತಿಟ್ಟರೆ ಅತ್ತೆ ಒಳಗೆ ತರುತ್ತಾಳೆ: 'ಇರ್ಲಿ ತಗೋ, ಯಾವಾಗರೆ ಬೇಕಾಗ್ತದ.'

ಈ ಮಾತಿಗೆ ನಗುವುದು ಸುಲಭ. ಅದು ಬಂದ ದಾರಿ ಹಿಡಿದು ಹಿಂದೆ ಹೋದರೆ ನಗು ನಿಲ್ಲುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆ ಬರದ ಸೀಮೆ. 1876ರಿಂದ 78ರವರೆಗಿನ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದರೆ ಇಂದಿನ ವಿಜಯಪುರ-ಬಾಗಲಕೋಟೆ, ಹಳ್ಳಿಗೆ ಹಳ್ಳಿಯೇ ಬರಿದಾದ ನೆಲ. 1972ರ ಬರವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಇಲ್ಲಿ ಮನೆಯೊಳಗಿನ ತಾಮ್ರ-ಹಿತ್ತಾಳೆಯೆಂದರೆ ನೀರು ಕಾಯಿಸುವ ಸಾಧನ ಮಾತ್ರವಾಗಿರಲಿಲ್ಲ, ಅದೇ ಠೇವಣಿ. ಮಳೆ ಕೈಕೊಟ್ಟ ವರ್ಷ ಮೊದಲು ದನ, ಆಮೇಲೆ ಬೆಳ್ಳಿ, ಕೊನೆಗೆ ಹಂಡೆ-ಕೊಪ್ಪರಿಗೆ ಸಾಹುಕಾರನ ಮನೆ ಸೇರುತ್ತಿದ್ದವು. ಅಂಥ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು ಯಾವುದನ್ನೂ ಚೆಲ್ಲುವುದಿಲ್ಲ. ಆದರೆ ಅವಳ ಕಾಲದಲ್ಲಿ ಕೂಡಿಟ್ಟದ್ದು ಮುಂದೆ ಹೋಗಲು ದಾರಿಗಳಿದ್ದವು. ಹಳೆಯದು ಇನ್ನೊಂದಾಗಿ ಮಾರ್ಪಟ್ಟು ಇನ್ನೊಬ್ಬರ ಕೈಗೆ ದಾಟುತ್ತಿತ್ತು. ಈಗ ಸಾಮಾನು ಹತ್ತು ಪಟ್ಟಾಗಿದೆ, ದಾಟಿಸುವ ದಾರಿಗಳು ಒಂದೊಂದಾಗಿ ಮುಚ್ಚಿವೆ. ನಾಗಂದಿಗೆ ಬಾಗಿರುವುದು ಅದಕ್ಕೆ; ಆ ತಾಯಿಯ ಜಿಪುಣತನಕ್ಕಲ್ಲ.

ಕೌದಿಯನ್ನೇ ನೋಡಿ. ಮಹಾನವಮಿಗೆ ಮುಂಚೆ, ಘಟಸ್ಥಾಪನೆಯ ಮೊದಲು, ಮನೆಯ ಹಾಸಿಗೆ-ಹೊದಿಕೆ ಅಷ್ಟನ್ನೂ ಹೊಳೆಗೋ ಬಾವಿಗೋ ಹೊತ್ತು ತೊಳೆದು ಹಾಕುವುದು ನಮ್ಮ ಕಡೆಯ ವಾಡಿಕೆ. ಗೋಡೆಗೆ ಸುಣ್ಣ, ಭಾಂಡೆಗಳಿಗೆ ಹುಣಸೆಹಣ್ಣು. ವರ್ಷಕ್ಕೊಮ್ಮೆ ಮನೆಯ ಎಲ್ಲ ಅರಿವಿ ಬಿಸಿಲು ಕಾಣುವ ಆ ಎರಡು ದಿನ ಮನೆಯಾಕೆಗೆ ಲೆಕ್ಕ ಸಿಗುತ್ತಿತ್ತು: ಯಾವ ಸೀರೆ ಇನ್ನೊಂದು ವರ್ಷ ಉಡಲು ಬರುತ್ತದೆ, ಯಾವುದು ಜೀರ್ಣವಾಗಿದೆ, ಯಾವ ಧೋತರ ಕೂಸಿನ ಅರಿವಿಯಾಗಬೇಕು. ಜೀರ್ಣವಾದದ್ದೆಲ್ಲ ಕೌದಿಗೆ. ನಾಲ್ಕಾರು ಪದರ ಹಳೆ ಸೀರೆ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಒಳಮುಖವಾಗಿ ಸಾಲುಸಾಲು ದಾರ ಎಳೆಯುತ್ತ ಬಂದರೆ ವಾರಗಟ್ಟಲೆಯ ಕೆಲಸ. ಕೊನೆಯ ಮೂಲೆ ಹೊಲಿದು ಮುಚ್ಚುವ ಮುನ್ನ ಅದರೊಳಗೆ ಒಂದು ರೊಟ್ಟಿಯ ಚೂರು ಇಡುವ ಪದ್ಧತಿ ಕೆಲವು ಕಡೆ ಇದೆ. ಕೌದಿಯ ಹೊಟ್ಟೆಯೂ ಖಾಲಿ ಇರಬಾರದೆಂದು. ತೊಟ್ಟಿಲಿಗೆ ಒಂದು, ಬಾಣಂತಿಗೆ ಒಂದು, ಚಕ್ಕಡಿಗೆ ಹಾಸಲು ಇನ್ನೊಂದು. ಅದೂ ಹರಿದರೆ ಹೊಸ ಕೌದಿಯ ಹೊಟ್ಟೆಯೊಳಗೆ ಪದರವಾಗುತ್ತಿತ್ತು. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕವಂದಿಯದೂ ಇದೇ ವಂಶ.

ಈ ದಾರಿ ಮುಚ್ಚಿದ್ದು ಯಾರ ಸೋಮಾರಿತನದಿಂದಲೂ ಅಲ್ಲ. ಹತ್ತಿಯ ಸೀರೆ ಹೋಗಿ ಪಾಲಿಯೆಸ್ಟರ್ ಬಂತು. ಅದು ಹರಿಯುವುದಿಲ್ಲ, ಬೆವರು ಹೀರುವುದಿಲ್ಲ, ಪದರ ಹಾಕಿದರೆ ಜಾರುತ್ತದೆ. ನಮ್ಮ ಬೇಸಿಗೆಯಲ್ಲಿ ಪಾಲಿಯೆಸ್ಟರ್ ಕೌದಿಯ ಮೇಲೆ ಮಲಗಿ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಹೀಗೆ ಹರಿಯದ, ಉಡದ, ಕೊಡಲೂ ಬಾರದ ಸೀರೆಗಳು ಬೀರು ತುಂಬಿದವು. ಅತ್ತ ಬೆಂಗಳೂರಿನ ಕರಕುಶಲ ಮಳಿಗೆಗಳಲ್ಲಿ ಕೌದಿಗೆ ಸಾವಿರಾರು ರೂಪಾಯಿ ಬೆಲೆ ಬಂದಿದೆ. ಹೊಲಿಯಬಲ್ಲ ಕೈ ಇನ್ನೂ ಇರುವ ಮನೆಯವರು ಉಳಿದ ಹತ್ತಿ ಬಟ್ಟೆಯನ್ನು ಬೇರೆ ತೆಗೆದಿಡುವುದು ಲಾಭದ ಮಾತೂ ಹೌದು.

ಬೀರು ತುಂಬಿಸುವುದರಲ್ಲಿ ಆಯೇರಿಯ ಪಾಲು ದೊಡ್ಡದು. ಮದುವೆ, ಸೀಮಂತ, ಗೃಹಪ್ರವೇಶ, ಏನೇ ಆಗಲಿ ಬೀಗರಿಗೆ ಅರಿವಿ ಮಾಡಬೇಕು. ಗಂಡಸರಿಗೆ ಟವೆಲ್-ಟೊಪ್ಪಿಗೆ, ಹೆಂಗಸರಿಗೆ ಉಡಿ ತುಂಬಿ ಕುಬಸದ ಖಣ. ಕೊಡುವವರಿಗೂ ಗೊತ್ತು, ತಗೊಳ್ಳುವವರಿಗೂ ಗೊತ್ತು, ಆ ಅರಿವಿ ಉಡುವುದಕ್ಕಲ್ಲ. ಮಡಿಕೆ ಬಿಚ್ಚದೆ ಅದು ಟ್ರಂಕು ಸೇರಿ ಮುಂದಿನ ಮದುವೆಗೆ ಹೊರಡುತ್ತದೆ. ಒಂದು ಖಣ ಹತ್ತು ಮನೆ ತಿರುಗಿ, ಮೊದಲು ಕೊಟ್ಟವಳ ಉಡಿಗೇ ಮರಳಿ ಬಿದ್ದ ಕತೆ ಪ್ರತಿ ಊರಿನಲ್ಲೂ ಒಂದಿರುತ್ತದೆ. ಇದಕ್ಕೆ ಮದ್ದು ಮನೆ ಸ್ವಚ್ಛ ಮಾಡುವುದರಲ್ಲಿಲ್ಲ. ಕೊಡುವ ಜಾಗದಲ್ಲೇ ಇದೆ. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ತಮಗೆ ಹಾರ-ಶಾಲು ಬೇಡ, ಕೊಡುವುದಿದ್ದರೆ ಪುಸ್ತಕ ಕೊಡಿ ಎಂದು ಹೇಳಿಕೆ ಕೊಟ್ಟರು. ಆಮೇಲೂ ಶಾಲಿನ ವ್ಯಾಪಾರ ಕಡಿಮೆಯಾದಂತೆ ಕಾಣೆ. ಆದರೆ ಬೀಗತನದಲ್ಲಿ ಹಿರಿಯರೊಬ್ಬರು ಬಾಯಿಬಿಟ್ಟು 'ಅರಿವಿ ಬ್ಯಾಡ್ರಿ, ಎರಡೂ ಕಡಿಯವರು ಕೂಡಿ ಬಿಟ್ಟುಬಿಡೋಣು' ಎಂದರೆ ಎರಡು ಮನೆಯ ಖರ್ಚೂ ಉಳಿಯುತ್ತದೆ, ಬೀರೂ ಉಳಿಯುತ್ತದೆ.

ಇನ್ನು ಮಾರುವ ಮಾತು. 'ಹಳಿ ಅರಿವಿಗೆ ಭಾಂಡೇ' ಎಂದು ಕೂಗುತ್ತ ತಲೆಯ ಮೇಲೆ ಬುಟ್ಟಿ ಹೊತ್ತು ಓಣಿಗೆ ಬರುತ್ತಿದ್ದ ಹೆಂಗಸರು ಈಗ ಅಪರೂಪ. ಮೂರು ಪ್ಯಾಂಟಿಗೆ ಒಂದು ಸ್ಟೀಲ್ ಡಬರಿ, ಜರಿ ಸೀರೆಗೆ ಒಂದು ಪರಾತ. ಚೌಕಾಶಿ ಅರ್ಧ ದಿನ. ಅವರ ಜಾಗಕ್ಕೆ ಮೈಕ್ ಕಟ್ಟಿದ ಬೈಕು ಬಂದಿದೆ. ಕೂದಲು, ಕೆಟ್ಟ ಮೊಬೈಲ್, ಹಳೆ ಬ್ಯಾಟರಿ ಎಂದು ಧ್ವನಿಮುದ್ರಿತ ಕೂಗು. ಬಾಚಣಿಗೆಯಿಂದ ತೆಗೆದು ಗೋಡೆಯ ಸಂದಿಗೆ ತುರುಕಿದ ಆ ಕೂದಲುಂಡೆಗೂ ಒಂದು ಪ್ರಯಾಣವಿದೆ: ಕೊಪ್ಪಳದ ಪಕ್ಕದ ಭಾಗ್ಯನಗರ ಕೂದಲು ಸಂಸ್ಕರಣೆಗೇ ಹೆಸರಾದ ಊರು. ಸಿಕ್ಕು ಬಿಡಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸಿದ ಕೂದಲು ಅಲ್ಲಿಂದ ವಿದೇಶದ ವಿಗ್ ಕಾರ್ಖಾನೆಗಳಿಗೆ ಹೋಗುತ್ತದೆ. ಬಿಸಾಡಿದ್ದಕ್ಕೆ ಬೆಲೆ ಇಲ್ಲ ಎನ್ನುವವರು ಒಮ್ಮೆ ಭಾಗ್ಯನಗರ ನೋಡಿ ಬರಬೇಕು.

ನಮ್ಮ ಮನೆಗಳು ಬಹಳ ನಷ್ಟ ಮಾಡಿಕೊಂಡದ್ದು ಸ್ಟೀಲಿನ ಮೋಹದಲ್ಲಿ. 1980ರ ದಶಕದ ಆರಂಭದಲ್ಲಿ ಸೇಲಂನ ಸರಕಾರಿ ಉಕ್ಕಿನ ಕಾರ್ಖಾನೆ ಸ್ಟೇನ್‌ಲೆಸ್ ತಗಡು ಹೊರತರತೊಡಗಿದ ಮೇಲೆ ಹಳ್ಳಿಹಳ್ಳಿಗೂ ಹೊಳೆಯುವ ಭಾಂಡೆ ಬಂತು. ಕಲಾಯಿ ಹಾಕಿಸುವ ಕಾಟವಿಲ್ಲ, ಹುಣಸೆಹಣ್ಣಿನಲ್ಲಿ ತಿಕ್ಕುವ ಕೆಲಸವಿಲ್ಲ. ಹೆಂಗಸರ ರಟ್ಟೆಗೆ ಅದು ಬಿಡುಗಡೆಯೇ; ನಾಗಂದಿಗೆಯ ಮೇಲಿನ ಹಂಡೆ ನೋಡಿ ಮರುಗುವ ಗಂಡಸರು ಇದನ್ನು ಮರೆಯಬಾರದು. ಆದರೆ ಅಜ್ಜಿಯ ಕಾಲದ ದಪ್ಪ ಹಿತ್ತಾಳೆಯ ಕೊಡ ಕೊಟ್ಟು ತೆಳು ಸ್ಟೀಲಿನ ಕೊಡ ತಂದ ವ್ಯವಹಾರದಲ್ಲಿ ಗೆದ್ದವನು ಅಂಗಡಿಯವನು ಒಬ್ಬನೇ. ತೂಕಕ್ಕೆ ತೂಕ ಹಿತ್ತಾಳೆ, ತಾಮ್ರದ ಬೆಲೆ ಸ್ಟೀಲಿಗಿಂತ ಎಷ್ಟೋ ಪಾಲು ಮೇಲು. ಈಗಲೂ ಮಾರುವುದಾದರೆ ಗುಜರಿ-ಮೋಡಕಾದವನ ಬಾಗಿಲ ಬೆಲೆಗೆ ಒಪ್ಪದೆ, ಪ್ಯಾಟಿಯಲ್ಲಿ ಎರಡು ಭಾಂಡೆ ಅಂಗಡಿಯ ದರ ಕೇಳಿ, ಮನೆಯಲ್ಲೇ ತೂಗಿ, ತಾಮ್ರ ಬೇರೆ, ಹಿತ್ತಾಳೆ ಬೇರೆ, ಕಬ್ಬಿಣ ಬೇರೆ ಮಾಡಿ ಒಯ್ಯಬೇಕು. ಆಯಸ್ಕಾಂತ ಅಂಟಿದರೆ ಅದು ಬರೀ ಹಿತ್ತಾಳೆಯ ಬಣ್ಣದ ಕಬ್ಬಿಣ ಎಂದು ತಿಳಿಯಿರಿ.

ಕೆಟ್ಟ ಮೊಬೈಲನ್ನು ಬಕೆಟ್‌ಗೆ ಬದಲು ಕೊಡುವುದು ಈಗಿನ ಹೊಸ ಪದ್ಧತಿ. ಸಿಮ್ ತೆಗೆದಿರುತ್ತಾರೆ, ಮೆಮೊರಿ ಕಾರ್ಡ್ ಒಳಗೇ ಇರುತ್ತದೆ, ಹಣ ಕಳಿಸುವ ಆ್ಯಪ್ ತೆರೆದೇ ಇರುತ್ತದೆ. ಫೋನ್ ಇನ್ನೂ ಆನ್ ಆಗುತ್ತಿದ್ದರೆ ಎಲ್ಲ ಅಳಿಸಿಯೇ ಕೊಡಬೇಕು. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಹಳೆಯ ಸಾಧನಗಳ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಆದರೆ ಆ ಹೊಣೆ ಸಿಂದಗಿಯ ಬಸ್ ಸ್ಟ್ಯಾಂಡಿನವರೆಗೂ ಬಂದಿಲ್ಲ ಎಂಬುದು ನೋಡಿದವರಿಗೆಲ್ಲ ಗೊತ್ತು. ಪಂಚಾಯತಿಯ ಸ್ವಚ್ಛ ಸಂಕೀರ್ಣ ನಡೆಯುತ್ತಿರುವ ಊರುಗಳಲ್ಲಿ ಅಲ್ಲಿಯ ಹೆಣ್ಣುಮಕ್ಕಳ ಕೈಗೆ ಒಣ ಕಸ ಬೇರೆ ಮಾಡಿ ಕೊಟ್ಟರೆ ಅವರಿಗೂ ನಾಲ್ಕು ಕಾಸು.

ಬೈಕಿನದು ಇದಕ್ಕಿಂತ ಗಂಭೀರ. ಚೀಟಿ ಬರೆದುಕೊಟ್ಟು ಹಳೆ ಗಾಡಿ ಮಾರಿ ಕೈತೊಳೆದುಕೊಳ್ಳುವವರು ಹಳ್ಳಿಯಲ್ಲಿ ಬಹಳ. ಆ ಗಾಡಿ ಯಾರನ್ನೋ ಗುದ್ದಿದರೆ, ಆರ್.ಸಿ. ಯಾರ ಹೆಸರಲ್ಲಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಖಚಿತವಾಗಿ ಹೇಳಿದೆ. ಮಾರಿದವರು ಹದಿನಾಲ್ಕು ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂದು ಕಾನೂನೇ ಇದೆ.

ಮಾರಲು ಬಾರದ್ದನ್ನು ದಾನ ಮಾಡುತ್ತೇವೆ. ಇಲ್ಲಿ ಸ್ವಲ್ಪ ಕಟುವಾಗಿ ಮಾತಾಡಬೇಕು. ನೆರೆ ಬಂದ ಪ್ರತಿ ಸಲವೂ ಎಲ್ಲೆಲ್ಲಿಂದಲೋ ಬಟ್ಟೆಯ ಗಂಟುಗಳು ಲಾರಿಯೇರಿ ಬರುತ್ತವೆ. 2009ರಲ್ಲಿ ಉತ್ತರ ಕರ್ನಾಟಕ ಮುಳುಗಿದಾಗಲೂ ಬಂದವು, ಈಚೆಗೂ ಬಂದವು. ಗಂಟು ಬಿಚ್ಚಿದರೆ ಗುಂಡಿ ಇಲ್ಲದ ಅಂಗಿ, ಬಣ್ಣ ಹೋದ ಪರದೆ, ಒಂಟಿ ಚಪ್ಪಲಿ, ಭೀಮಾ ದಂಡೆಯ ಯಾವ ಹೆಣ್ಣುಮಗಳೂ ತೊಡದ ಉಡುಪು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಯಾರೂ ಮುಟ್ಟದ ಬಟ್ಟೆಯ ಗುಡ್ಡೆಗಳು ರಸ್ತೆಬದಿ ಬಿದ್ದು ಮಳೆಗೆ ನೆನೆದವು. ಅನ್ಶು ಗುಪ್ತಾ 1999ರಲ್ಲಿ ಆರಂಭಿಸಿದ ಗೂಂಜ್ ಸಂಸ್ಥೆ ಆ ರಾಶಿಗಳನ್ನು ಎತ್ತಿ, ವಿಂಗಡಿಸಿ, ಬಟ್ಟೆಯ ಸ್ಯಾನಿಟರಿ ಪ್ಯಾಡ್ ಮುಂತಾಗಿ ಬಳಕೆಗೆ ತಂದಿತು. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಕೆಲಸದ ತಿರುಳು ಒಂದೇ: ಕೊಡುವವರ ಬೀರುವಿನಿಂದ ಶುರುಮಾಡದೆ, ಪಡೆಯುವವರ ಅಗತ್ಯದಿಂದ ಶುರುಮಾಡುವುದು. ದೇಶದ ಹಳೆ ಉಣ್ಣೆ, ಚಿಂದಿ ಬಹಳಷ್ಟು ಹರಿಯಾಣದ ಪಾಣಿಪತ್ ಸೇರುತ್ತದೆ. ಅಲ್ಲಿ ಅದನ್ನು ಕಿತ್ತು ನೂಲಾಗಿಸಿ ಅಗ್ಗದ ಕಂಬಳಿ ನೇಯುತ್ತಾರೆ. ಆಪತ್ತಿನ ಊರುಗಳಲ್ಲಿ ಹಂಚುವ ಬೂದು ಕಂಬಳಿಗಳು ಸಾಮಾನ್ಯವಾಗಿ ಅಲ್ಲಿಯವೇ.

ಹಾಗಾದರೆ ನೆರೆಯವರಿಗೆ ಏನು ಕೊಡಬೇಕು? ನೆರೆ ಸಂತ್ರಸ್ತರ ಕಾಳಜಿ ಕೇಂದ್ರಕ್ಕೆ ಫೋನ್ ಮಾಡಿ ಕೇಳುವುದೇ ಮೊದಲ ಕೆಲಸ. ಮನೆಗೆ ಮರಳಿದವರಿಗೆ ಬೇಕಾಗುವುದು ಹೊಸ ಒಳ ಉಡುಪು, ಪ್ಯಾಡು, ಚಾಪೆ, ಬಕೆಟ್ಟು, ಕಸಬರಿಗೆ, ದನಕ್ಕೆ ಕಣಿಕೆ, ಮಕ್ಕಳಿಗೆ ಆ ವರ್ಷದ ಪಠ್ಯಪುಸ್ತಕ. ಇವು ಯಾವುವೂ ನಮ್ಮ ನಾಗಂದಿಗೆಯ ಮೇಲೆ ಸಿಗುವುದಿಲ್ಲ, ಕೊಂಡೇ ಕೊಡಬೇಕು. ಅಟ್ಟ ಖಾಲಿ ಮಾಡುವುದು ಒಂದು ಕೆಲಸ, ದಾನ ಇನ್ನೊಂದು ಕೆಲಸ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದಾಗಲೇ ಬಡವರ ಬಾಗಿಲು ನಮ್ಮ ತಿಪ್ಪೆಯಾಗುವುದು.

ಪುಸ್ತಕಗಳ ಮಾತು ಇದಕ್ಕಿಂತ ಸಲೀಸು. ಗ್ರಾಮ ಪಂಚಾಯತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಕೆಲವು ಜಿಲ್ಲಾ ಪಂಚಾಯತಿಗಳು 'ಪುಸ್ತಕ ಜೋಳಿಗೆ' ಹಿಡಿದು ಮನೆಮನೆಯ ಪುಸ್ತಕ ಕೇಳಿದವು. ಜೋಳಿಗೆ ಎಂದರೆ ನಮ್ಮ ಕಡೆಯವರಿಗೆ ಇಳಕಲ್ಲಿನ ಮಹಾಂತ ಶಿವಯೋಗಿಗಳ ನೆನಪಾಗದಿರದು. ಅವರು ಊರೂರು ತಿರುಗಿ ಜನರ ಚಟಗಳನ್ನೇ ಜೋಳಿಗೆಗೆ ಹಾಕಿಸಿಕೊಂಡವರು. ಹತ್ತು ವರ್ಷದ ಹಿಂದಿನ ಗೈಡುಗಳನ್ನು ಮಾತ್ರ ಗ್ರಂಥಾಲಯಕ್ಕೆ ಹೊರಬೇಡಿ, ಅವು ನೇರ ರದ್ದಿಗೆ. ಕತೆ, ನಿಘಂಟು, ಮಕ್ಕಳ ಪುಸ್ತಕ, ಸ್ಪರ್ಧಾ ಪರೀಕ್ಷೆಯ ಈಚಿನ ಪುಸ್ತಕಗಳಿಗೆ ಅಲ್ಲಿ ಓದುಗರಿದ್ದಾರೆ.

ಕಡಿಮೆಯಲ್ಲಿ ಬದುಕುವ ಪಾಠಕ್ಕೆ ನಾವು ಜಪಾನಿನವರೆಗೆ ಹೋಗಬೇಕಾಗಿಯೂ ಇಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ತೊಡುತ್ತಿದ್ದ ಬಿಳಿ ಅಂಗಿಗೆ ಕಿಸೆಯೇ ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನು ನಯವಾಗಿ ಬೇಡವೆಂದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಹೊರಬಂದ ಬರಹದಲ್ಲಿ ಸ್ಮಾರಕ ಕಟ್ಟಬೇಡಿ, ದಹನ ಮಾಡಿ ಬೂದಿಯನ್ನು ನೀರಿಗೆ ಬಿಡಿ ಎಂದಿತ್ತು. ಎಲ್ಲರೂ ಹಾಗಿರಲಾಗದು. ಸಂಸಾರಕ್ಕೆ ಕಿಸೆ ಬೇಕು, ನಾಗಂದಿಗೆಯೂ ಬೇಕು. ಆದರೆ ಅವರ ಫೋಟೋವನ್ನು ಚೌಕಟ್ಟು ಹಾಕಿಸಿ ಮನೆಗೆ ನಾಲ್ಕು ತೂಗುಹಾಕಿದವರು ಆ ಅಂಗಿಯನ್ನೊಮ್ಮೆ ಗಮನಿಸಿ ನೋಡಲಿ.

ಕೊನೆಯ ಮಾತು, ಬಿಸಾಡಬಾರದ್ದರ ಬಗ್ಗೆ. ಮಕ್ಕಳು ಪುಣೆ, ಸೊಲ್ಲಾಪುರ, ಬೆಂಗಳೂರಿನಲ್ಲಿ ನೆಲೆಸಿ ಊರಮನೆಗೆ ಬೀಗ ಬಿದ್ದ ಮೇಲೆ ವರ್ಷಕ್ಕೊಮ್ಮೆ ಜಾತ್ರೆಗೆ ಬಂದು ಎರಡು ದಿನದಲ್ಲಿ ಎಲ್ಲ ಖಾಲಿ ಮಾಡುವ ಅವಸರ. ಕೆತ್ತನೆಯ ಬಾಗಿಲು, ಕಂಬಗಳು ರಿಸಾರ್ಟಿನ ದಲ್ಲಾಳಿಯ ಕೈಸೇರುತ್ತವೆ. ನೂರು ವರ್ಷ ದಾಟಿದ ಮೂರ್ತಿ, ಶಾಸನ, ಕಲಾವಸ್ತುಗಳು 1972ರ ಪುರಾವಸ್ತು ಕಾಯ್ದೆಯ ಅಡಿ ಬರುತ್ತವೆ. ಹಸ್ತಪ್ರತಿಗಾದರೆ ಎಪ್ಪತ್ತೈದು ವರ್ಷ ಸಾಕು. ಅವನ್ನು ಪರವಾನಗಿ ಇಲ್ಲದ ವ್ಯಾಪಾರಿಗೆ ದಾಟಿಸುವುದು ಅಪಾಯದ ಕೆಲಸ. ಅದಕ್ಕಿಂತ ದೊಡ್ಡ ನಷ್ಟ, ಏನೆಂದು ನೋಡದೆ ಹೊಳೆಗೆ ಬಿಡುವುದು. ದೇವರ ಹೆಸರಿರುವ ಹಳೆಯ ಓಲೆಗರಿ, ಹರಿದ ಹೊತ್ತಿಗೆಗಳನ್ನು ನೀರಿಗೆ ಬಿಟ್ಟರೆ ಪುಣ್ಯವೆಂದು ನಂಬಿದವರು ಈಗಲೂ ಇದ್ದಾರೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ. ಗು. ಹಳಕಟ್ಟಿಯವರು ಹುಡುಕಿ ಹೊರಟದ್ದು ಇಂಥ ಕಟ್ಟುಗಳನ್ನೇ. ಊರೂರಿನ ಮನೆ, ಮಠಗಳ ಮೂಲೆಯಲ್ಲಿ, ಜಗುಲಿಯ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟು ವಿಭೂತಿ ಹಚ್ಚಿ ಪೂಜಿಸುತ್ತಿದ್ದ, ಬಿಚ್ಚಿ ಓದದೇ ಉಳಿದ ಓಲೆಗಳಲ್ಲಿ ಶರಣರ ವಚನಗಳಿದ್ದವು. 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಅಚ್ಚಾಯಿತು. ಅಚ್ಚುಕೂಟ ನಡೆಸಲು ಅವರು ಸ್ವಂತ ಮನೆಯನ್ನೇ ಮಾರಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಹೊರಟಿತು. ಆ ದಾರಿಯಲ್ಲೇ ಮುಂದೆ ನಡೆದ ಸಂಶೋಧಕ ಎಂ. ಎಂ. ಕಲಬುರ್ಗಿ ಇದೇ ಸಿಂದಗಿ ಸೀಮೆಯ ಗುಬ್ಬೇವಾಡದಲ್ಲಿ 1938ರಲ್ಲಿ ಹುಟ್ಟಿದವರು. ಮನೆ ಮನೆಯ ಅಟ್ಟದಲ್ಲಿ ಅಂದು ಯಾರೋ 'ಇರ್ಲಿ ತಗೋ' ಎಂದು ಉಳಿಸದೇ ಹೋಗಿದ್ದರೆ ಇವರಿಬ್ಬರಿಗೂ ಓದಲು ಏನೂ ಸಿಗುತ್ತಿರಲಿಲ್ಲ.

ಆದ್ದರಿಂದ ಈ ಸಲ ಮಹಾನವಮಿಗೆ ನಾಗಂದಿಗೆ ಇಳಿಸುವವರಲ್ಲಿ ಒಂದು ಕೇಳಿಕೆ. ಪ್ಲಾಸ್ಟಿಕ್ ಕೊಡ, ಗಡಿಯಾರ, ಫಲಕಗಳನ್ನು ಮನಸ್ಸು ಗಟ್ಟಿಮಾಡಿ ಕಳಿಸಿ. ಅರಿವಿಯಲ್ಲಿ ಕಟ್ಟಿದ ಹಳೆಯ ಗಂಟೇನಾದರೂ ಸಿಕ್ಕರೆ ಮಾತ್ರ ಕೈತಡೆಯಿರಿ. ಓದಲು ಬಾರದಿದ್ದರೆ ಬೇಡ, ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಯ ಫ. ಗು. ಹಳಕಟ್ಟಿ ಸಂಶೋಧನ ಕೇಂದ್ರಕ್ಕೋ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೋ ಒಯ್ದು ತೋರಿಸಿ.